ಗೋತ್ರ ಕೇಳಿದರು, ತವರು ಕೇಳಲಿಲ್ಲ: ಜಯನಗರದ ಒಂದು ವಧು-ವರ ಕೇಂದ್ರದಲ್ಲಿ ಆರು ತಿಂಗಳು

ಐದರಲ್ಲಿ ಎರಡೂವರೆ ಸ್ಟಾರ್. ಅದರಲ್ಲಿ ಎರಡು ಸ್ಟಾರ್ ಅಲ್ಲಿರುವ ಒಬ್ಬರೇ ಒಬ್ಬ ಹೆಂಗಸಿಗೆ ಸೇರಬೇಕು. ಉಳಿದ ಅರ್ಧ ಅಲ್ಲಿ ಕೊಟ್ಟ ಕಾಫಿಗೆ. ಕಾಫಿ ನಿಜಕ್ಕೂ ಚೆನ್ನಾಗಿತ್ತು.

ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ, ಸೀರೆ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿದೆ ಈ ಕೇಂದ್ರ. ಹೆಸರು ಬರೆಯುವುದಿಲ್ಲ. ನಮ್ಮ ಹುಡುಗಿಯ ಫೋಟೋ, ಜಾತಕ ಇನ್ನೂ ಅವರ ಹತ್ತಿರವೇ ಇದೆ. ಲಿಫ್ಟ್ ಇಲ್ಲ. ಬರುವವರೆಲ್ಲ ಮಂಡಿ ನೋವಿನ ವಯಸ್ಸಿನವರು, ಮೆಟ್ಟಿಲು ಮಾತ್ರ ನಲವತ್ತೆರಡು. ನಾನು ಎಣಿಸಿದ್ದೇನೆ.

ನಾನು ಪಿಯು ಕಾಲೇಜಿನಲ್ಲಿ 28 ವರ್ಷ ಸಮಾಜಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ವಿವಾಹ, ಕುಟುಂಬ, ಬಂಧುತ್ವ ಅನ್ನುವ ಪಾಠಕ್ಕೆ ಎಷ್ಟು ಸಲ ನೋಟ್ಸ್ ಬರೆಸಿದ್ದೇನೋ ಲೆಕ್ಕವಿಲ್ಲ. ಹುಡುಗರು ಯಾವ ಸಾಲಿಗೆ ಆಕಳಿಸುತ್ತಾರೆ ಅನ್ನುವುದೂ ಗೊತ್ತು. ಈ ಸಲ ಅದೇ ಪಾಠವನ್ನು ಹಣ ಕೊಟ್ಟು ಕೇಳಿಸಿಕೊಂಡು ಬಂದೆ. ಸಿಲ್ವರ್ ಪ್ಯಾಕೇಜು, ಆರು ತಿಂಗಳಿಗೆ ಎಂಟು ಸಾವಿರ, ಜಿಎಸ್‌ಟಿ ಬೇರೆ. ಹದಿನೈದು ಫೋನ್ ನಂಬರ್ ಕೊಡುತ್ತಾರೆ. ಗೋಲ್ಡ್‌ಗೆ ಹದಿನೆಂಟು ಸಾವಿರ. ಪ್ಲಾಟಿನಂ ಎಷ್ಟು ಅಂತ ಕೇಳಿದರೆ ಗಾಜಿನ ಕ್ಯಾಬಿನ್ ಒಳಗೆ ಕರೆದು ಹೇಳುತ್ತಾರಂತೆ. ನಾನು ಒಳಗೆ ಹೋಗಲಿಲ್ಲ.

ಪುಟ್ಟಿ ನನ್ನ ತಂಗಿಯ ಮಗಳು. 34 ವರ್ಷ. ಲ್ಯಾಬ್ ಟೆಕ್ನಿಷಿಯನ್. ಮದುವೆಯಾಗಿ, ಮೂರು ವರ್ಷದ ಹಿಂದೆ ಡೈವೋರ್ಸ್ ಆಗಿದೆ. ತಂಗಿ, ತಂಗಿಯ ಗಂಡ ತಿಪಟೂರಿನಲ್ಲಿದ್ದಾರೆ. ಪುಟ್ಟಿ ತ್ಯಾಗರಾಜನಗರದಲ್ಲಿ ನನ್ನ ಜೊತೆ ಇದ್ದಾಳೆ. ಹಾಗಾಗಿ ಕೇಂದ್ರಕ್ಕೆ ಹೋಗಿದ್ದು ನಾವಿಬ್ಬರು.

ಕೌಂಟರ್‌ನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿಕೊಂಡೇ ಕೇಳಿದ, "ನೀವು ಹುಡುಗಿಗೆ ಏನಾಗ್ಬೇಕು ಮೇಡಂ?"

"ದೊಡ್ಡಮ್ಮ."

ಅವನು ಮೌಸ್ ಆಡಿಸಿದ. ಫಾದರ್, ಮದರ್, ಬ್ರದರ್, ಸಿಸ್ಟರ್, ಅಂಕಲ್, ಆಂಟಿ, ಫ್ರೆಂಡ್. ಅಷ್ಟೇ ಇದ್ದಿದ್ದು. "ಆಂಟಿ ಅಂತ ಹಾಕ್ಲಾ?"

ಹಾಕಪ್ಪ ಅಂದೆ. ಇನ್ನೇನು ಅನ್ನಲಿ? ಆದರೆ ನನ್ನ ತಲೆ ಅಲ್ಲೇ ಕೆಟ್ಟಿತು. ಅತ್ತೆಯೂ ಆಂಟಿ, ದೊಡ್ಡಮ್ಮನೂ ಆಂಟಿ ಅಂದರೆ, ಮದುವೆ ಮಾಡಿಸುವ ಅಂಗಡಿ ನಡೆಯುವುದು ಹೇಗೆ? ಕನ್ನಡದಲ್ಲಿ ಇವೆರಡರ ನಡುವೆ ಒಂದು ಗೋಡೆಯೇ ಇದೆ. ಅತ್ತೆಯ ಮಗ ಭಾವ, ಅವನನ್ನು ಮದುವೆಯಾಗಬಹುದು. ದೊಡ್ಡಮ್ಮನ ಮಗ ಅಣ್ಣ, ಅವನಿಗೆ ರಾಖಿ ಕಟ್ಟಬೇಕು. ನಮ್ಮ ಮಾತಿನಲ್ಲಿ ಅತ್ತೆ ಅಂದರೆ ಅಪ್ಪನ ಅಕ್ಕ-ತಂಗಿಯೂ ಹೌದು, ಗಂಡನ ತಾಯಿಯೂ ಹೌದು. ಮಾವ ಅಂದರೆ ಅಮ್ಮನ ಅಣ್ಣ-ತಮ್ಮನೂ ಹೌದು, ಗಂಡನ ಅಪ್ಪನೂ ಹೌದು. ಅಳಿಯ, ಸೊಸೆ ಕೂಡ ಹಾಗೇ. ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಅನ್ನುವ ಕಾನೂನು ಪುಸ್ತಕವನ್ನು ನಮ್ಮ ಮಕ್ಕಳು ಮಾತು ಕಲಿಯುವಾಗಲೇ ಬಾಯಿಪಾಠ ಮಾಡಿರುತ್ತಾರೆ.

1871ರಲ್ಲಿ ಲೂಯಿಸ್ ಹೆನ್ರಿ ಮಾರ್ಗನ್ ಅನ್ನುವ ಅಮೆರಿಕದ ವಕೀಲರೊಬ್ಬರು ಇದರ ಬಗ್ಗೆ ದಪ್ಪನೆಯ ಪುಸ್ತಕ ಪ್ರಕಟಿಸಿದರು. ನ್ಯೂಯಾರ್ಕ್ ಕಡೆಯ ಇರೊಕ್ವಾ ಬುಡಕಟ್ಟಿನವರು ನಂಟರನ್ನು ಕರೆಯುವ ರೀತಿ ನೋಡಿ ಆಶ್ಚರ್ಯಪಟ್ಟು, ಪ್ರಶ್ನೆಪಟ್ಟಿ ಅಚ್ಚು ಹಾಕಿಸಿ, ಪಾದ್ರಿಗಳಿಗೆ, ರಾಯಭಾರಿಗಳಿಗೆ ಊರೂರಿಗೆ ಕಳಿಸಿದರು. ತಮಿಳು, ತೆಲುಗು, ಕನ್ನಡದ ಉತ್ತರ ಬಂದಾಗ ನೋಡಿದರೆ, ಇಲ್ಲಿಯೂ ಅದೇ ಬಗೆ. ಅಮ್ಮನ ಅಕ್ಕ-ತಂಗಿಯ ಮಕ್ಕಳು ಒಡಹುಟ್ಟಿದವರು, ಅಮ್ಮನ ಅಣ್ಣನ ಮಕ್ಕಳು ಬೇರೆ. ಮಾರ್ಗನ್ ಅವರ ಆ ಪಟ್ಟಿಯಲ್ಲಿ ಇನ್ನೂರಕ್ಕೂ ಹೆಚ್ಚು ಸಂಬಂಧಗಳ ಬಗ್ಗೆ ಪ್ರಶ್ನೆ ಇತ್ತು. ಜಯನಗರದ ಫಾರಂನಲ್ಲಿ ಏಳು.

ಏಳೇ ಏಳು ಇಟ್ಟುಕೊಂಡಿದ್ದಕ್ಕೆ ಏನಾಯಿತು ಅಂತ ಹೇಳುತ್ತೇನೆ ಕೇಳಿ.

ನೋಂದಣಿ ಆಗಿ ಎರಡನೇ ತಿಂಗಳು. ಒಂದು ರಾತ್ರಿ ವಾಟ್ಸಾಪ್‌ನಲ್ಲಿ ಮೆಸೇಜು, "92% ಮ್ಯಾಚ್" ಅಂತ. ಜೊತೆಗೆ ಹೂವಿನ ಅಂಚಿನ ಪಿಡಿಎಫ್. ಪುಟ್ಟಿ ಅದನ್ನು ತೆರೆದವಳೇ ಕೆಮ್ಮು ಬರುವಷ್ಟು ನಕ್ಕಳು. "ದೊಡ್ಡಮ್ಮ, ಇವ್ನು ನಮ್ಮ ತುಮಕೂರು ಅಣ್ಣ ಅಲ್ವಾ!" ನೋಡಿದೆ. ಹೌದು, ನನ್ನ ಚಿಕ್ಕಮ್ಮನ ಮಗಳ ಮಗ. ಅವನ ನಾಮಕರಣಕ್ಕೆ ಬೆಳ್ಳಿ ಲೋಟ ಕೊಟ್ಟವಳು ನಾನು. ಅವನಿಗೂ ನಾನು ದೊಡ್ಡಮ್ಮನೇ. ಮನೆಯವರಿಗೆ ಹೇಳದೆ ಬಂದು ಹೆಸರು ಕೊಟ್ಟಿದ್ದಾನೆ, ಪಾಪ. ನಾನು ಯಾರಿಗೂ ಹೇಳಲಿಲ್ಲ. ಅವನ ತಾಯಿಗೆ ಮಾತ್ರ ಹೇಳಿದೆ.

ಮಾರನೇ ದಿನ ಕೇಂದ್ರಕ್ಕೆ ಹೋಗಿ ಕೇಳಿದರೆ ಕೌಂಟರ್ ಹುಡುಗ, "ಗೋತ್ರ ಬೇರೆ ಬೇರೆ ಇದೆ ಮೇಡಂ, ಸಿಸ್ಟಮ್ ಓಕೆ ಅಂದಿದೆ" ಅಂದ.

ಗೋತ್ರ ಬೇರೆ ಇಲ್ಲದೆ ಏನು? ಗೋತ್ರ ಅಪ್ಪನ ಕಡೆಯಿಂದ ಮಾತ್ರ ಇಳಿಯುತ್ತದೆ. ನಮ್ಮಜ್ಜಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರನ್ನೂ ಬೇರೆ ಬೇರೆ ಮನೆಗೆ ಕೊಟ್ಟರು. ಅವರ ಹೆಣ್ಣುಮಕ್ಕಳನ್ನು ಮತ್ತೆ ಬೇರೆ ಮನೆಗಳಿಗೆ ಕೊಟ್ಟರು. ಒಂದೊಂದು ಮದುವೆಗೂ ಗೋತ್ರ ಬದಲಾಯಿತು, ರಕ್ತ ಮಾತ್ರ ಅದೇ. ಫಾರಂನಲ್ಲಿ ತಂದೆಯ ಗೋತ್ರಕ್ಕೆ ಕಾಲಂ ಇದೆ. ತಾಯಿಯ ತವರು ಯಾವುದು ಅನ್ನುವುದಕ್ಕೆ ಇಲ್ಲ. ಅಮ್ಮಂದಿರ ಕಡೆಯಿಂದ ಬಂದ ನಂಟು ಆ ಕಂಪ್ಯೂಟರಿನ ಪಾಲಿಗೆ ಇಲ್ಲವೇ ಇಲ್ಲ. (ಆವತ್ತು ಪಕ್ಕದಲ್ಲಿ ಮಂಗಳೂರು ಕಡೆಯ ಬಂಟರ ಹೆಂಗಸೊಬ್ಬರು ಕೂತಿದ್ದರು. ಅವರಲ್ಲಿ ಬಳಿ, ಅಂದರೆ ಗೋತ್ರದಂಥ ಕುಲದ ಗುರುತು, ಬರುವುದು ತಾಯಿಯಿಂದ. ಅವರು ಪೆನ್ನು ತೆಗೆದು, ಫಾರಂನಲ್ಲಿ 'ತಂದೆಯ' ಅನ್ನುವುದನ್ನು ಹೊಡೆದು 'ತಾಯಿಯ' ಅಂತ ಬರೆದರು. ಕೌಂಟರ್ ಹುಡುಗ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ.)

ತಮಾಷೆ ಇನ್ನೂ ಇದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಸಪಿಂಡರು, ಅಂದರೆ ಹತ್ತಿರದ ರಕ್ತಸಂಬಂಧಿಗಳು, ಮದುವೆಯಾಗಬಾರದು ಅಂತಿದೆ. ತಾಯಿಯ ಕಡೆಯಿಂದ ಮೂರು ತಲೆಮಾರು, ತಂದೆಯ ಕಡೆಯಿಂದ ಐದು. ಮೊದಲನೇ ತಲೆಮಾರು ಅಂದರೆ ಹುಡುಗ ಅಥವಾ ಹುಡುಗಿಯೇ. ಪುಟ್ಟಿ, ಅವಳ ಅಮ್ಮ, ನಮ್ಮಮ್ಮ ಅನ್ನುವಷ್ಟರಲ್ಲಿ ಮೂರು ಮುಗಿಯಿತು. ಇಬ್ಬರಿಗೂ ಸೇರಿದ ನಮ್ಮಜ್ಜಿ ನಾಲ್ಕನೆಯವರು. ಅಂದರೆ ಕಾನೂನಿನ ಪ್ರಕಾರ ಪುಟ್ಟಿಗೂ ತುಮಕೂರಿನ ಅಣ್ಣನಿಗೂ ಮದುವೆ ಆಗಬಹುದು! ನಾನು ಇದೇ ಲೆಕ್ಕದಲ್ಲಿ ಸಿಕ್ಕಿಬೀಳುತ್ತೇನೆ. 1988ರಲ್ಲಿ ನಾನು ಮದುವೆಯಾಗಿದ್ದು ಸೋದರತ್ತೆಯ ಮಗನನ್ನು. ನನಗೂ ಅವರಿಗೂ ಅಜ್ಜ-ಅಜ್ಜಿ ಒಬ್ಬರೇ, ಪಕ್ಕಾ ಸಪಿಂಡ. 'ರೂಢಿ ಇದ್ದರೆ ನಡೆಯುತ್ತದೆ' ಅಂತ ಅದೇ ಕಾಯ್ದೆಯಲ್ಲಿ ಒಂದು ಮಾತಿದೆ. ಅದರಿಂದ ನಮ್ಮ ಮದುವೆ ಉಳಿದುಕೊಂಡಿದೆ. ಹುಟ್ಟಿದಾಗಿನಿಂದ ಅತ್ತೆ ಅನ್ನುತ್ತಿದ್ದವರನ್ನು ಮದುವೆ ಆದಮೇಲೂ ಅತ್ತೆ ಅಂದೆ. ಕರೆಯುವ ಹೆಸರು ಒಂದೂ ಬದಲಾಗಲಿಲ್ಲ. ಬೈಸಿಕೊಳ್ಳುವುದು ಮಾತ್ರ ಜಾಸ್ತಿ ಆಯಿತು.

ಹತ್ತಿರದ ಸಂಬಂಧ ಬೇಡ ಅಂತ ಡಾಕ್ಟರುಗಳು ಹೇಳುತ್ತಾರೆ, ಅದು ಸರಿಯೇ. ನಾನೂ ಪುಟ್ಟಿಗೆ ಅಂಥದ್ದನ್ನು ಹುಡುಕುತ್ತಿಲ್ಲ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಮದುವೆಗಳಲ್ಲಿ ಸುಮಾರು ಕಾಲುಭಾಗ ರಕ್ತಸಂಬಂಧದೊಳಗಿನವು ಅಂತ ಬಂದಿದೆ. ಇಂಥ ರಾಜ್ಯದಲ್ಲಿ ಅಂಗಡಿ ತೆರೆದವರು ತವರಿಗೆ ಒಂದು ಕಾಲಂ ಇಡಬೇಡವೇ?

ಹಣದ ವಿಷಯ ಹೇಳಿಬಿಡುತ್ತೇನೆ. ಆ 92% ಹುಡುಗನ ನಂಬರ್ ಕೂಡ ನಮ್ಮ ಹದಿನೈದರಲ್ಲಿ ಒಂದು ಅಂತ ಲೆಕ್ಕ ಹಿಡಿದರು. ಅವನ ನಂಬರ್ ನನ್ನ ಫೋನಿನಲ್ಲಿ ಮೊದಲೇ ಇತ್ತು! ವಾಪಸ್ ಹಾಕಿ ಅಂತ ಮೂರು ಸಲ ಕೇಳಿದೆ. "ಮ್ಯಾನೇಜರ್ ಹತ್ರ ಮಾತಾಡ್ತೀನಿ" ಅಂದರು. ಇವತ್ತಿಗೂ ಮಾತಾಡುತ್ತಲೇ ಇದ್ದಾರೆ.

ಇನ್ನು ಜಾತಿಯ ಕಾಲಂ. ನಮ್ಮ ಜಾತಿ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಓದುವಾಗ ಊಹೆ ಮಾಡುತ್ತಿದ್ದೀರಿ ಅಂತ ಗೊತ್ತು. ಫಾರಂನಲ್ಲಿ ಜಾತಿ, ಉಪಜಾತಿ, ಗೋತ್ರ ಅಥವಾ ಬೆಡಗು, ಹೀಗೆ ಮೂರು ಮೆಟ್ಟಿಲು ಇಳಿಯಬೇಕು. ಪಾಠದಲ್ಲಿ ನಾನು ಬರೆಸುತ್ತಿದ್ದದ್ದೂ ಇದೇ. ಜಾತಿಯ ಒಳಗೇ ಮದುವೆಯಾಗುವುದು ಅಂತರ್ವಿವಾಹ, ಗೋತ್ರದ ಹೊರಗೆ ಆಗುವುದು ಬಹಿರ್ವಿವಾಹ. ಒಂದು ಬೇಲಿ ಹೊರಗೆ ಹೋಗಬೇಡ ಅನ್ನುತ್ತದೆ, ಇನ್ನೊಂದು ಒಳಗೆ ಬರಬೇಡ ಅನ್ನುತ್ತದೆ. ನಡುವೆ ಉಳಿದ ಓಣಿಯಲ್ಲಿ ಗಂಡು ಹುಡುಕಬೇಕು. ಓಣಿಯ ಬಾಡಿಗೆ ಎಂಟು ಸಾವಿರ.

ಕೆಳಗೆ 'ಜಾತಿ ನಿರ್ಬಂಧವಿಲ್ಲ' ಅಂತ ಒಂದು ಚೌಕ ಇದೆ. ಪುಟ್ಟಿ ಟಿಕ್ ಮಾಡಿದಳು. ಹುಡುಗ ದನಿ ತಗ್ಗಿಸಿ, "ಅದು ಬೇಡ ಮೇಡಂ. ಟಿಕ್ ಮಾಡಿದ್ರೆ ಮನೇಲಿ ಏನೋ ತೊಂದರೆ ಇದೆ ಅಂದ್ಕೋತಾರೆ" ಅಂದ. ಇವಳು ತೆಗೆಯಲಿಲ್ಲ. ಆಗ ಅದರ ಕೆಳಗೆ ಇನ್ನೊಂದು ಚೌಕ ತೆರೆದುಕೊಂಡಿತು, 'ಎಸ್‌ಸಿ/ಎಸ್‌ಟಿ ಹೊರತುಪಡಿಸಿ'. ಅದರಲ್ಲಿ ಟಿಕ್ ಮೊದಲೇ ಬಿದ್ದಿತ್ತು. ನಾವು ಹಾಕಿದ್ದಲ್ಲ, ಅದಾಗಿಯೇ ಇತ್ತು. ಬೇಡ ಅನ್ನುವವರು ತೆಗೆಯಬೇಕು.

ಪುಟ್ಟಿ ತೆಗೆದಳು. ಅವಳು ತೆಗೆಯುವಾಗ ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ನಾನೊಬ್ಬಳೇ ಬಂದಿದ್ದರೆ ಅದನ್ನು ಗಮನಿಸುತ್ತಿದ್ದೆನೋ ಇಲ್ಲವೋ. 1916ರ ಮೇ ತಿಂಗಳಲ್ಲಿ, 25ನೇ ವಯಸ್ಸಿನಲ್ಲಿ, ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಬಂಧ ಓದಿದರು. ಜಾತಿಯನ್ನು ಹಿಡಿದು ನಿಲ್ಲಿಸಿರುವುದು ಒಳಗೊಳಗೇ ಮದುವೆಯಾಗುವ ಪದ್ಧತಿ, ಅದೇ ಇದರ ಬೀಗದ ಕೈ ಅಂತ ವಾದ ಮಾಡಿದರು. ಅದನ್ನು ಐದು ಅಂಕದ ಪ್ರಶ್ನೆ ಅಂತ ಎಷ್ಟು ಬ್ಯಾಚಿಗೆ ಬರೆಸಿದ್ದೇನೆ. ಮಾನವ ಅಭಿವೃದ್ಧಿ ಸಮೀಕ್ಷೆಯೊಂದರಲ್ಲಿ, 2011-12ರ ಹೊತ್ತಿಗೂ ದೇಶದಲ್ಲಿ ಜಾತಿ ದಾಟಿದ ಮದುವೆಗಳು ನೂರಕ್ಕೆ ಐದರ ಆಸುಪಾಸು ಇದ್ದವು. ಬೀಗದ ಕೈ ಈಗ ಆ ಚಿಕ್ಕ ಚೌಕದಲ್ಲಿದೆ. ಆ ಸಾಲನ್ನೇ ತೆಗೆದುಹಾಕಿ ಅಂತ ಮ್ಯಾನೇಜರ್‌ಗೆ ಹೇಳಿದೆ. "ಕಸ್ಟಮರ್ಸ್ ಕೇಳ್ತಾರೆ ಮೇಡಂ, ನಾವೇನ್ ಮಾಡೋಣ" ಅಂದರು. ಕೇಳುವವರು ಬಾಯಿಬಿಟ್ಟು ಕೇಳಲಿ ಬಿಡಿ. ಕೇಳದವರ ಪರವಾಗಿ ಇವರೇ ಯಾಕೆ ಟಿಕ್ ಹಾಕಿಡಬೇಕು? ಈ ಒಂದಕ್ಕೇ ಒಂದು ಸ್ಟಾರ್ ಕಡಿಮೆ ಮಾಡಿದ್ದೇನೆ.

ಡೈವೋರ್ಸ್ ಆದವರಿಗೆ, ಗಂಡ ಸತ್ತವರಿಗೆ ಬೇರೆ ಫೈಲು. ಬಣ್ಣ ನೀಲಿ, ಜಾಗ ಬೀರುವಿನ ಕೆಳಗಿನ ಅರೆ. ಆದರೆ ಡೈವೋರ್ಸ್ ಆದ ಗಂಡಸರ ಹಾಳೆಗಳು ಎರಡೂ ಕಡೆ ಇರುತ್ತವೆ, ಮೇಲಿನ ಅರೆಯಲ್ಲೂ! ಅವರು ಮೊದಲನೇ ಮದುವೆಯ ಹುಡುಗಿಯನ್ನೂ ಕೇಳಬಹುದು. ಪುಟ್ಟಿಯ ಹಾಳೆ ಕೆಳಗೆ ಮಾತ್ರ. ಕೇಳಿದರೆ "ಹಂಗೇ ನಡ್ಕೊಂಡು ಬಂದಿದೆ" ಅಂದರು.

ಹಾಗೇನೂ ನಡೆದುಕೊಂಡು ಬಂದಿಲ್ಲ. ಹಳೇ ಮೈಸೂರಿನ ಎಷ್ಟೋ ಜಾತಿಗಳಲ್ಲಿ ಗಂಡ ಸತ್ತ ಅಥವಾ ಬಿಟ್ಟ ಹೆಣ್ಣಿಗೆ ಕೂಡಿಕೆ ಅನ್ನುವ ಮರುಮದುವೆ ಇತ್ತು. ಧಾರೆ ಎರೆಯುವ ಮದುವೆಯಷ್ಟು ಮರ್ಯಾದೆ ಅದಕ್ಕಿರಲಿಲ್ಲ. ಆದರೂ ಇತ್ತು. ನಮ್ಮಜ್ಜಿಯ ತಂಗಿಗೆ ಆಗಿತ್ತು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಅಂತ ಹಣ ಕೊಡುವ ರೂಢಿಯೂ ಇತ್ತು. ಆಮೇಲೆ ಮಕ್ಕಳು ಓದಿ, ಪಟ್ಟಣ ಸೇರಿ, ಮೇಲಿನವರ ಹಾಗೆ ಇರಬೇಕು ಅಂತ ಹೊರಟಾಗ ಮೊದಲು ಬಿಟ್ಟಿದ್ದು ಇವೆರಡನ್ನೇ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇಂಥದ್ದಕ್ಕೆಲ್ಲ ಸಂಸ್ಕೃತೀಕರಣ ಅಂತ ಹೆಸರಿಟ್ಟರು. (ಅವರು ಹುಟ್ಟಿದ್ದೂ 1916ರಲ್ಲೇ. ಆ ವರ್ಷ ನಮ್ಮ ಸಿಲಬಸ್‌ಗೆ ಒಳ್ಳೆಯ ವರ್ಷ.) ತೆರ ಹೋಗಿ ವರದಕ್ಷಿಣೆ ಬಂತು. ಕೂಡಿಕೆ ಹೋಗಿ ನೀಲಿ ಫೈಲು ಬಂತು. ಚಿಕ್ಕಜ್ಜಿಯ ಮೊಮ್ಮಕ್ಕಳ ಮುಂದೆ ಈಗ ಕೂಡಿಕೆ ಅನ್ನುವ ಮಾತೇ ಎತ್ತುವಂತಿಲ್ಲ.

ವರದಕ್ಷಿಣೆ ಅಂದೆನಲ್ಲ, ಗೋಡೆಯ ಮೇಲೆ ಬೋರ್ಡ್ ಇದೆ, 1961ರ ಕಾಯ್ದೆ ಪ್ರಕಾರ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು ಅಂತ. ಅದರ ಕೆಳಗೇ ಕೂತು ತುಂಬುವ ಫಾರಂನಲ್ಲಿ 'ಹುಡುಗಿಯ ಕಡೆಯ ಮದುವೆ ಬಜೆಟ್' ಅಂತ ಕಾಲಂ. ಶುರುವಾಗುವುದೇ ಐದು ಲಕ್ಷದಿಂದ. ಪುಟ್ಟಿ ಅಲ್ಲಿ 'ಮಂತ್ರಮಾಂಗಲ್ಯ' ಅಂತ ಬರೆದಳು. ಹುಡುಗ ಕೇಳಿದ, "ಅದು ಯಾವ ಏರಿಯಾದಲ್ಲಿರೋ ಛತ್ರ ಮೇಡಂ?" ಕುವೆಂಪು ಹಾಕಿಕೊಟ್ಟ ಸರಳ ಮದುವೆ ಕಣಪ್ಪ, 1966ರಲ್ಲಿ ಅವರ ಮಗ ತೇಜಸ್ವಿಯವರೇ ಹಾಗೆ ಮದುವೆಯಾದರು ಅಂದೆ. ಅವನು ತಲೆಯಾಡಿಸಿ 'ಐದು ಲಕ್ಷದ ಒಳಗೆ' ಅಂತ ಹಾಕಿಕೊಂಡ.

ಕೇಂದ್ರದವರು ಭಾನುವಾರ ಛತ್ರದಲ್ಲಿ ಸಮಾವೇಶ ಮಾಡುತ್ತಾರೆ. ಒಮ್ಮೆ ಹೋದೆವು. ಮೈಕ್ ಹಿಡಿದು ಸಂಬಳ ಹೇಳಬೇಕು. ಊಟ ಪರವಾಗಿಲ್ಲ. ಮತ್ತೆ ಹೋಗಲಿಲ್ಲ.

ಇನ್ನು ಆ ಎರಡು ಸ್ಟಾರಿನ ವಿಷಯ. ಕೌಂಟರ್ ದಾಟಿ, ನೀರಿನ ಕ್ಯಾನ್ ಪಕ್ಕ, ಒಬ್ಬ ಹಿರಿಯರು ಕೂತಿರುತ್ತಾರೆ. ಎಪ್ಪತ್ತರ ಹತ್ತಿರದ ವಯಸ್ಸು, ಹತ್ತಿ ಸೀರೆ, ಮುಂದೆ ಕೆಂಪು ರಟ್ಟಿನ ಉದ್ದನೆಯ ಲೆಡ್ಜರ್. ಕಂಪ್ಯೂಟರ್ ಬರುವ ಮೊದಲಿನಿಂದ ಇದ್ದವರಂತೆ. ಯಾವ ಪ್ಯಾಕೇಜಿನಲ್ಲೂ ಇವರ ಹೆಸರಿಲ್ಲ. ತುಮಕೂರಿನ ಅಣ್ಣನ ವಿಷಯಕ್ಕೆ ನಾನು ಜಗಳ ಮಾಡುತ್ತಿದ್ದಾಗ ಕೈ ಬೀಸಿ ಕರೆದರು.

"ಬನ್ನಿ ಇಲ್ಲಿ, ಕೂತ್ಕೊಳಿ. ಹುಡುಗಿ ತಾಯಿ ತವರು ಯಾವ್ದು?"

ಮೊದಲನೇ ಪ್ರಶ್ನೆಯೇ ಅದು! ಜಾತಿ, ಸಂಬಳ, ಬಣ್ಣ ಯಾವುದೂ ಅಲ್ಲ. ಹೇಳಿದೆ. ಸೋದರಮಾವ ಇದ್ದಾರಾ, ಅವರಿಗೆ ಎಲ್ಲಿಂದ ಹೆಣ್ಣು ತಂದಿದೆ, ನಿಮ್ಮಿಬ್ಬರು ಅಕ್ಕ-ತಂಗಿಯರನ್ನು ಯಾವ ಊರಿಗೆ ಕೊಟ್ಟಿದೆ, ಅಜ್ಜಿಯ ಕಡೆ ಯಾರ್ಯಾರು, ಎಲ್ಲ ಕೇಳಿ ಲೆಡ್ಜರಿನಲ್ಲಿ ಬರೆದುಕೊಂಡರು. ಐದು ನಿಮಿಷದಲ್ಲಿ ನಮ್ಮ ಮೂರು ತಲೆಮಾರು ಒಂದು ಪುಟದಲ್ಲಿ ಕೂತಿತ್ತು. ಆಮೇಲೆ ಕನ್ನಡಕ ತೆಗೆದು ಹೇಳಿದರು, "ಆ ಹುಡುಗ ವರಸೆಯಲ್ಲಿ ಅಣ್ಣ. ನಿಮ್ಮ ಚಿಕ್ಕಮ್ಮನ ಜಾಗದಲ್ಲಿ ಸೋದರಮಾವ ಇದ್ದಿದ್ರೆ ಭಾವ ಆಗ್ತಿದ್ದ. ಕಂಪ್ಯೂಟರ್‌ಗೆ ಅಷ್ಟು ತಿಳಿಯಲ್ಲ."

ನಾನು ಬೋರ್ಡಿನ ಮೇಲೆ ತ್ರಿಕೋನ, ವೃತ್ತ ಬರೆದು ಅರ್ಧ ಪೀರಿಯಡ್ ತೆಗೆದುಕೊಳ್ಳುತ್ತಿದ್ದ ಲೆಕ್ಕ ಅದು. ಅವರು ಬಾಯಲ್ಲೇ ಮಾಡಿದರು. ದಕ್ಷಿಣ ಭಾರತದಲ್ಲಿ ಮದುವೆ ಅನ್ನುವುದು ಎರಡು ಮನೆಗಳ ನಡುವೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ನಂಟು ಅಂತ ಫ್ರಾನ್ಸಿನ ಮಾನವಶಾಸ್ತ್ರಜ್ಞ ಲೂಯಿ ದ್ಯುಮೋ 1953ರಲ್ಲಿ ಬರೆದರು. ಈ ಮೇಡಂ ಅವರ ಲೆಡ್ಜರಿನ ಕಾಲಂಗಳ ಹೆಸರು 'ಕೊಟ್ಟಿದ್ದು', 'ತಂದಿದ್ದು'.

ಇವರಲ್ಲೂ ದೋಷ ಇಲ್ಲದೆ ಇಲ್ಲ. ಲೆಡ್ಜರ್ ಜಾತಿವಾರು ಇದೆ, ಒಂದೊಂದಕ್ಕೆ ಒಂದೊಂದು. ಪುಟ್ಟಿ 'ನಿರ್ಬಂಧವಿಲ್ಲ' ಅಂದಿದ್ದಕ್ಕೆ ಹಣೆ ಗಂಟಿಕ್ಕಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದಿನಿಂದ ಒಂದು ತೆಳ್ಳಗಿನ ನೋಟ್‌ಬುಕ್ ತೆಗೆದರು. "ಇದ್ರಲ್ಲಿ ನಿಮ್ಮ ಥರದವ್ರು ಇದ್ದಾರೆ, ಹನ್ನೊಂದು ಜನ" ಅಂದರು. ಅದರಿಂದ ಪುಟ್ಟಿ ಇಬ್ಬರನ್ನು ನೋಡಿದ್ದಾಳೆ. ಒಬ್ಬರು ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತಾ ನಲವತ್ತು ನಿಮಿಷ ತಮ್ಮ ಬಾಸ್ ಬಗ್ಗೆ ಮಾತಾಡಿದರು. ಇನ್ನೊಬ್ಬರಿಗೆ ಒಂಬತ್ತು ವರ್ಷದ ಮಗಳಿದ್ದಾಳೆ, ಹೆಂಡತಿ ತೀರಿಕೊಂಡಿದ್ದಾರೆ. ಅವರ ಜೊತೆ ಮಾತು ನಡೆಯುತ್ತಿದೆ. ನಮ್ಮ ಜಾತಿಯಲ್ಲ. ತಿಪಟೂರಿಗೆ ಇನ್ನೂ ಹೇಳಿಲ್ಲ. ಹೇಳುವ ಕೆಲಸ ದೊಡ್ಡಮ್ಮನದಂತೆ.

ಹೋಗುವವರಿಗೆ ಎರಡು ಮಾತು. ಗೋಲ್ಡ್ ತೆಗೆದುಕೊಳ್ಳಬೇಡಿ, ಸಿಲ್ವರ್ ಸಾಕು, ಪಟ್ಟಿ ಅದೇ. ರಸೀದಿಯಲ್ಲಿ ನಂಬರುಗಳ ಲೆಕ್ಕ ಬರೆಸಿಕೊಳ್ಳಿ. ಮೊದಲೇ ಬಿದ್ದಿರುವ ಟಿಕ್ ಎಲ್ಲಿದೆ ಅಂತ ಕಣ್ಣಿಟ್ಟು ನೋಡಿ. ಅಮ್ಮನ ತವರು, ಅಜ್ಜಿಯ ತವರು, ಕೊಟ್ಟ ಊರು, ತಂದ ಊರು ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ನೇರವಾಗಿ ನೀರಿನ ಕ್ಯಾನ್ ಹತ್ತಿರ ಹೋಗಿ. ಮೇಡಂ ಮಂಗಳವಾರ, ಗುರುವಾರ, ಶನಿವಾರ ಮಾತ್ರ ಬರುತ್ತಾರೆ. ಹನ್ನೊಂದು ಗಂಟೆಗೆ ಮೊದಲು ಹೋಗಬೇಡಿ, ಅವರಿಗೂ ಮಂಡಿ ನೋವು, ನಲವತ್ತೆರಡು ಮೆಟ್ಟಿಲು ಹತ್ತಿ ಬರಬೇಕು.